ತಮ್ಮನನ್ನು ಕುರ್ಚಿಯಿಂದ ಇಳಿಸಿದ್ದು

ನಮ್ಮ ಕಂಪನಿಯ ಹಗ್ಗದ ತುದಿಯಲ್ಲಿ ಒಂದು ಕೆಂಪು ದಾರ ಇರುತ್ತದೆ. ಅದು ಅಂದಕ್ಕೆ ಹಾಕಿದ್ದಲ್ಲ. ಹೊಸೆದು ಮುಗಿದ ಹಗ್ಗವನ್ನು ಶೆಡ್ಡಿನ ಹಿಂದಿರುವ ಕಬ್ಬಿಣದ ಕಂಬಕ್ಕೆ ಕಟ್ಟಿ, ಕೆಳಗೆ ತೂಕದ ಗುಂಡುಗಳನ್ನು ನೇತುಹಾಕಿ, ತಡೆಯಿತು ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ ತುದಿಯ ಹುರಿಗಳ ನಡುವೆ ಆ ದಾರ ಪೋಣಿಸುವುದು. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವರು, ಹೊರಗಿನಿಂದ ಕಿಟಕಿ ಒರೆಸುವವರು ನಮ್ಮ ಹಗ್ಗ ಕೊಳ್ಳುತ್ತಾರೆ. ಅಂಗಡಿಯಲ್ಲಿ ಅವರು ಹಗ್ಗದ ಹೊಳಪು ನೋಡುವುದಿಲ್ಲ, ಎಳೆದು ನೋಡುವುದೂ ಇಲ್ಲ. ತುದಿ ತಿರುಗಿಸಿ ದಾರ ನೋಡುತ್ತಾರೆ, ಹೆಗಲಿಗೆ ಹಾಕಿಕೊಂಡು ನಡೆಯುತ್ತಾರೆ.

ಮೊಣಕಾಲು ಕೈಕೊಟ್ಟು ಹೊಸೆಯುವ ಕೆಲಸ ಬಿಟ್ಟ ಮೇಲೆ ದಾರ ಪೋಣಿಸುವುದು ನನ್ನ ಪಾಲಿಗೆ ಬಂತು. ಕಂಬದ ಪಕ್ಕದಲ್ಲಿ ಒಂದು ಮಣೆ, ಒಂದು ದಬ್ಬಳ, ಒಂದು ಉಂಡೆ ದಾರ. ಗುಂಡು ಏರಿಸಿ ಇಳಿಸುವ ಹೆಂಗಸನ್ನು ಎಲ್ಲರೂ ಗುಂಡಿನವಳು ಎಂದೇ ಕರೆಯುವುದು. ಅವಳು ಹಗ್ಗ ಬಿಚ್ಚಿ ನನ್ನ ಕಡೆ ಎಸೆಯುತ್ತಾಳೆ, ನಾನು ಪೋಣಿಸುತ್ತೇನೆ. ಇಬ್ಬರಿಗೂ ಮಾತು ಕಡಿಮೆ, ಆದ್ದರಿಂದ ಹೊಂದಿಕೆ ಜಾಸ್ತಿ.

ಒಂದು ಬೆಳಗ್ಗೆ ನನ್ನ ತಮ್ಮ ಅಲ್ಲಿಗೆ ಬಂದ. ಒಡಹುಟ್ಟಿದವರಲ್ಲಿ ಉಳಿದವರು ನಾವಿಬ್ಬರೇ. ಕಂಪನಿಗೆ ಐದು ಜನ ಡೈರೆಕ್ಟರುಗಳು, ಅವರಲ್ಲಿ ಅವನದೇ ಮಾತು, ಉಳಿದ ನಾಲ್ವರದು ಹೂಂಗುಟ್ಟುವ ಕೆಲಸ. ಇಸ್ತ್ರಿ ಮಾಡಿದ ಅಂಗಿಗೆ ನಾರು ತಾಗದ ಹಾಗೆ ದೂರ ನಿಂತು ಹೇಳಿದ:

"ಅಕ್ಕಾ, ಇನ್ಮೇಲೆ ಹತ್ತು ಹಗ್ಗದಲ್ಲಿ ಒಂದನ್ನ ಕಂಬಕ್ಕೆ ಹಾಕಿದ್ರೆ ಸಾಕು. ಬೋರ್ಡಲ್ಲಿ ತೀರ್ಮಾನ ಆಯ್ತು."

"ಆಗ್ಲಪ್ಪ. ಹತ್ತರಲ್ಲಿ ಒಂದಕ್ಕೆ ದಾರ ಹಾಕ್ತೀನಿ."

"ಹಾಗಲ್ಲ. ದಾರ ಎಲ್ಲದಕ್ಕೂ ಹಾಕು."

ನನಗೆ ಕೇಳಿಸಿದ್ದು ಸರಿಯೇ ಎಂದು ಗುಂಡಿನವಳ ಮುಖ ನೋಡಿದೆ. ಅವಳು ಗುಂಡು ಹಿಡಿದವಳು ಹಾಗೇ ನಿಂತಿದ್ದಳು.

"ತೂಗದೆ ಇರೋದಕ್ಕೂ?"

"ಎಲ್ಲ ಒಂದೇ ನಾರು, ಒಂದೇ ರಾಟೆ, ಅದೇ ಕೈ. ಎಷ್ಟು ವರ್ಷದಿಂದ ಕೂತಿದ್ದೀಯ ಇಲ್ಲಿ, ಎಷ್ಟು ಹರಿದಿದೆ ಹೇಳು."

"ಬೆರಳೆಣಿಕೆ."

"ಮತ್ತೆ?"

"ಆ ಬೆರಳೆಣಿಕೆಯವು ಇಲ್ಲೇ ಹರಿದವು. ಅದಕ್ಕೆ ಬೆರಳಲ್ಲಿ ಎಣಿಸೋಕಾಯ್ತು."

ಅವನು ನಕ್ಕ. ಚಿಕ್ಕಂದಿನಿಂದಲೂ ಅವನು ಹಾಗೇ. ನಾನು ಹೇಳಿದ್ದಕ್ಕೆ ಉತ್ತರ ಇಲ್ಲದಿದ್ದರೆ ನಗುತ್ತಾನೆ, ಆ ನಗುವಿಗೆ ನಾನೂ ನಕ್ಕುಬಿಡುತ್ತೇನೆ, ಅವನ ಕೆಲಸ ಆಗಿಹೋಗುತ್ತದೆ. ಅವತ್ತು ನಾನು ನಗಲಿಲ್ಲ. ದಬ್ಬಳವನ್ನು ದಾರದ ಉಂಡೆಗೆ ಚುಚ್ಚಿ ಎದ್ದು ಬಂದೆ. ಮಾರನೆಯ ದಿನದಿಂದ ದಾರ ಪೋಣಿಸುವ ಕೆಲಸ ಪ್ಯಾಕಿಂಗ್ ಕೋಣೆಗೆ ಹೋಯಿತು. ಅಲ್ಲಿ ಕಂಬವೂ ಇಲ್ಲ, ಗುಂಡೂ ಇಲ್ಲ.

ನಾನೂ ತಮ್ಮನೂ ಇರುವುದು ಒಂದೇ ಮನೆಯಲ್ಲಿ, ಊಟಕ್ಕೆ ಕೂತಾಗ ಹೇಳಿದೆ. ಅವನು ಬೋರ್ಡು ಎಂದ. ಮತ್ತೆ ಹೇಳಿದೆ. ಬೋರ್ಡು ಎಂದ. ಗೋಡೆಗೆ ಹೇಳಿದರೆ ಸುಣ್ಣವಾದರೂ ಉದುರುತ್ತದೆ.

ಕಂಪನಿಯ ಕಚೇರಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಕಂಪನಿ ಕಾರ್ಯದರ್ಶಿ. ಕಾಯ್ದೆ ಓದಿದವಳು, ಮೆಲುದನಿಯವಳು. ಅವಳ ಮೇಜಿನ ಮುಂದೆ ಹೋಗಿ ಕೂತೆ. ನೀರು ಕೊಟ್ಟಳು. ಕುಡಿದು ಕೇಳಿದೆ:

"ಅಲ್ಲಮ್ಮಾ, ಬೋರ್ಡು ಬೋರ್ಡು ಅಂತಾನಲ್ಲ, ಈ ಬೋರ್ಡನ್ನ ಕೂರಿಸಿದವರು ಯಾರು?"

"ನೀವೇ ಅಜ್ಜಿ. ಷೇರುದಾರರು."

"ಕೂರಿಸಿದವರು ಇಳಿಸಬಹುದಾ?"

ಅವಳು ಪೆನ್ನು ಕೆಳಗಿಟ್ಟಳು. "ಇಳಿಸಬಹುದು. ಅವಧಿ ಮುಗಿಯೋ ತನಕ ಕಾಯಬೇಕು ಅಂತ ಏನಿಲ್ಲ. ಆದ್ರೆ ಯಾರ ಪರ ಓಟು ಹಾಕಿ ಅಂತ ನಾನು ಹೇಳೋ ಹಾಗಿಲ್ಲ. ನಾನು ಕಂಪನಿ ಕೆಲಸದೋಳು. ಹೇಗೆ ಮಾಡಬೇಕು ಅಂತ ಕೇಳಿದ್ರೆ ಮಾತ್ರ ಹೇಳಲೇಬೇಕು."

"ಅಷ್ಟೇ ಕೇಳ್ತಿರೋದು."

ಅವಳು ಬಿಡಿಸಿ ಹೇಳಿದಳು. ಒಬ್ಬರ ಷೇರು ಸಾಲದು, ಕೆಲವರು ಸೇರಿ ಸಹಿ ಹಾಕಿ ನೋಟಿಸು ಕೊಡಬೇಕು. ಸಭೆಗೆ ಎರಡು ವಾರ ಮೊದಲೇ ಕೊಡಬೇಕು. ಅದರ ಪ್ರತಿ ಅವನಿಗೂ ಹೋಗುತ್ತದೆ. ಸಭೆಯಲ್ಲಿ ಅವನ ಮಾತನ್ನು ಪೂರ್ತಿ ಕೇಳಬೇಕು, ಕೇಳದೆ ಇಳಿಸುವ ಹಾಗಿಲ್ಲ. ಆಮೇಲೆ ಓಟು. ಇಳಿಸು ಎನ್ನುವವರದು ಬೇಡ ಎನ್ನುವವರಿಗಿಂತ ಹೆಚ್ಚಾದರೆ ಆಯಿತು.

"ಬೋರ್ಡು ಬೇಡ ಅಂದ್ರೆ?"

"ಬೋರ್ಡನ್ನ ಕೇಳಬೇಕಾಗೇ ಇಲ್ಲ ಅಜ್ಜಿ."

ಆ ಮಾತು ನನಗೆ ಹೊಸದು ಅನ್ನಿಸಲಿಲ್ಲ. ನಮ್ಮಪ್ಪನ ಕಾಲದಲ್ಲಿ ಹಳೆಯ ಯಜಮಾನ ಕೈಬಿಟ್ಟು ಹೋದಾಗ ಹೊಸೆಯುವವರೆಲ್ಲ ಸೇರಿ ಈ ಶೆಡ್ಡು ಕೊಂಡರು. ಅವತ್ತು ಅಪ್ಪ ಅಮ್ಮನಿಗೆ ಹೇಳಿದ್ದು ನೆನಪಿದೆ: "ಇನ್ಮೇಲೆ ಬಯ್ಯೋಕೆ ಯಜಮಾನ ಇಲ್ಲ ಕಣೇ. ನಮ್ಮನ್ನ ನಾವೇ ಬೈಕೋಬೇಕು." ಅದನ್ನೇ ಈಗ ಮಾಡುವುದು.

ರಾಟೆ ತಿರುಗಿಸುವವನು ನನ್ನ ವಾರಗೆಯವನು. ಅವನನ್ನೂ ಗುಂಡಿನವಳನ್ನೂ ಕರೆದುಕೊಂಡು ಹೋಗಿ ಮೂವರೂ ಸಹಿ ಹಾಕಿದೆವು. ರಾಟೆಯವನು ಕಾಗದ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ, "ಇವನು ಬಿದ್ದು ಮೊಣಕೈ ತರಚಿಕೊಂಡಾಗ ಎತ್ತಿಕೊಂಡೋನು ನಾನು. ಈಗ ನಾನೇ ಇಳಿಸ್ತಿದ್ದೀನಿ ನೋಡು," ಎಂದ.

"ಎತ್ತಿಕೊಂಡೋರಿಗೇ ತಾನೆ ಇಳಿಸೋ ಅಧಿಕಾರ?" ಎಂದೆ.

ಎರಡು ದಿನ ಕಳೆದ ಮೇಲೆ ತಮ್ಮ ಕಾಗದ ಹಿಡಿದು ಮಹಡಿಯಿಂದ ಇಳಿದು ಬಂದ. ಅವನ ಸಂಸಾರ ಮೇಲೆ, ನಾನು ಕೆಳಗೆ, ಅಡುಗೆಮನೆ ಇಬ್ಬರಿಗೂ ಒಂದೇ. ಅವನ ಹೆಂಡತಿ ಒಲೆಯ ಮುಂದಿದ್ದಳು.

"ಅಕ್ಕಾ, ಈ ಸೊಟ್ಟ ಸಹಿ ನಿಂದೇನಾ?"

"ನಂದೇ. ನೆಟ್ಟಗೆ ಹಾಕೋಕೆ ಬಂದಿದ್ರೆ ನಾನೂ ಡೈರೆಕ್ಟರ್ ಆಗ್ತಿದ್ದೆ."

"ಒಂದೇ ಮನೇಲಿದ್ದೀವಿ. ನನಗೆ ಹೇಳೋಕಾಗ್ತಿರಲಿಲ್ವಾ?"

"ಕಂಬದ ಹತ್ರ ಹೇಳ್ದೆ. ಊಟಕ್ಕೆ ಕೂತಾಗ ಹೇಳ್ದೆ. ನೀನು ಬೋರ್ಡು ಅಂದೆ. ಅದಕ್ಕೆ ಬೋರ್ಡಿಗೆ ಕೇಳೋ ಹಾಗೆ ಹೇಳ್ದೆ."

ಅವನ ಹೆಂಡತಿ ಸೌಟು ಝಾಡಿಸಿದಳು. "ಚೆನ್ನಾಗಿದೆ! ಅಡುಗೆಮನೆ ಮಾತಿಗೂ ಇನ್ಮೇಲೆ ರಿಜಿಸ್ಟರ್ಡ್ ಪೋಸ್ಟು. ಅತ್ತಿಗೆ, ಉಪ್ಪು ಕಡಿಮೆ ಆದ್ರೂ ನೋಟಿಸ್ ಕಳಿಸಿಬಿಡಿ."

"ನಿನ್ನ ಕೈಯಲ್ಲಿ ಉಪ್ಪು ಯಾವತ್ತು ಕಡಿಮೆಯಾಗಿದೆ? ಜಾಸ್ತಿಗೆ ಕಳಿಸಬೇಕಾಗುತ್ತೆ."

ಅವಳಿಗೆ ನಗು ಬಂತು, ಆದರೆ ಬೆನ್ನು ತಿರುಗಿಸಿಕೊಂಡಳು. ತಮ್ಮನೂ ನಕ್ಕ. ಎದುರಿಗೆ ಕೂತು, ಮೆಲ್ಲಗೆ ಹೇಳಿದ:

"ನಿನ್ನ ಪ್ರಾಕ್ಸಿ ನನ್ನ ಹತ್ರಾನೇ ಇದೆ, ಮರೆತೆಯಾ? ನಿನ್ನೊಬ್ಬಳದೇ ಅಲ್ಲ, ಹಳಬರು ಮುಕ್ಕಾಲು ಜನದ್ದು. ನಿನ್ನ ಓಟನ್ನ ನಾನೇ ನಿನಗೆ ವಿರುದ್ಧ ಹಾಕಿ ಬರ್ತೀನಿ."

ಅದು ಸುಳ್ಳಲ್ಲ. ಪ್ರತಿವರ್ಷ ಸಭೆಗೆ ಮುಂಚೆ ಅವನು ಆ ಕಾಗದ ತರುತ್ತಿದ್ದ, ನಾವು ಸಭೆಗೆ ಬರಲಾಗದಿದ್ದರೆ ನಮ್ಮ ಬದಲು ಅವನು ಓಟು ಹಾಕಬಹುದು ಎನ್ನುವ ಕಾಗದ. ನಾವು ಚಹ ಕುಡಿಯುತ್ತಾ ಸಹಿ ಹಾಕಿ ಕೊಡುತ್ತಿದ್ದೆವು. ಈ ವರ್ಷದ್ದಕ್ಕೂ ಕಂಬದ ಮಾತು ಏಳುವ ಮೊದಲೇ ಹಾಕಿ ಕೊಟ್ಟಾಗಿತ್ತು. ಅದಲ್ಲದೆ, ಊರು ಬಿಟ್ಟವರ ಷೇರುಗಳನ್ನು ಅವನೇ ಕೊಂಡಿದ್ದರಿಂದ ಅವನ ಸ್ವಂತದ್ದೇ ಒಂದು ರಾಶಿ ಇತ್ತು.

ಮತ್ತೆ ಹುಡುಗಿಯ ಮೇಜಿಗೆ ಹೋದೆ. ಪ್ರಾಕ್ಸಿಯ ವಿಷಯ ಹೇಳಿದ್ದಕ್ಕೆ ಅವಳು ಕೇಳಿದ್ದು ಒಂದೇ: "ನೀವು ಸಭೆಗೆ ನಡ್ಕೊಂಡು ಬರೋಕಾಗುತ್ತಾ?"

"ಇಲ್ಲಿಗೆ ಬಂದಿದ್ದೀನಲ್ಲ."

"ನೀವೇ ಬಂದು ನಿಮ್ಮ ಓಟು ನೀವೇ ಹಾಕಿದ್ರೆ, ಆ ಕಾಗದಕ್ಕೆ ಬೆಲೆ ಇಲ್ಲ. ನಿಮಗೆ ಮಾತ್ರ ಅಲ್ಲ, ಕೊಟ್ಟೋರು ಎಲ್ಲರಿಗೂ ಇದೇ."

ಅಲ್ಲಿಗೆ ನನ್ನ ಕೆಲಸ ಏನೆಂದು ತಿಳಿಯಿತು. ಸಹಿ ಬೇಡ, ಕಾಗದ ಬೇಡ. ಜನ ಬರಬೇಕು.

ಯಾರ ಮನೆ ಎಲ್ಲಿ ಎಂದು ನನಗೆ ಹೇಳಿಕೊಡಬೇಕಿರಲಿಲ್ಲ. ಯಾರು ನಾರು ಬಾಚುತ್ತಿದ್ದರು, ಯಾರು ಕೊಂಡಿ ಹಿಡಿಯುತ್ತಿದ್ದರು, ಯಾರ ಕೈಯ ಹುರಿ ಬಿಗಿ, ಯಾರದು ಸಡಿಲ, ಎಲ್ಲ ನೆನಪಿದೆ. ಹತ್ತಿರದವರ ಮನೆಗೆ ನಡೆದು ಹೋದೆ, ದೂರದವರ ಮನೆಗೆ ಬಸ್ಸು. ಮೊಣಕಾಲು ಬೈದಿತು. ಅದು ಬೈದದ್ದನ್ನೆಲ್ಲ ಕೇಳುತ್ತಾ ಕೂತರೆ ಹಾಸಿಗೆ ಬಿಟ್ಟು ಏಳುವ ಹಾಗೇ ಇಲ್ಲ.

ಗಂಟು ಹಾಕುವುದರಲ್ಲಿ ಹೆಸರಾಗಿದ್ದ ಗಂಟಿನಜ್ಜ ಈಗ ಕಿವಿ ಕೇಳದೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ವಿಷಯವನ್ನೆಲ್ಲ ಕೂಗಿ ಹೇಳಿದೆ. ಬೀದಿಯವರೆಲ್ಲ ಪೂರ್ತಿ ಕೇಳಿಸಿಕೊಂಡರು, ಅವನಿಗೆ ಮಾತ್ರ ಅರ್ಧ ಕೇಳಿಸಿತು.

"ನಿನ್ನ ತಮ್ಮ ಒಳ್ಳೇವನಲ್ವಾ?" ಎಂದ ಕೊನೆಗೆ.

"ಒಳ್ಳೇವನೇ!" ಎಂದು ಕೂಗಿದೆ.

"ಮತ್ತೆ ಯಾಕೆ ಇಳಿಸ್ತೀಯ?"

"ತೂಗದೆ ದಾರ ಹಾಕಿಸ್ತಿದ್ದಾನೆ!"

ಇದೊಂದು ಅವನಿಗೆ ಪೂರ್ತಿ ಕೇಳಿಸಿತು. ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು ಎದ್ದು ನಿಂತ. "ಯಾವತ್ತು ಸಭೆ?"

"ಇವತ್ತಲ್ಲಪ್ಪಾ, ಕೂತ್ಕೋ!"

ನಾರು ಬಾಚುತ್ತಿದ್ದವಳೊಬ್ಬಳು, ನನ್ನ ಓರಗೆಯ ಗೆಳತಿ, ಮಗಳ ಮನೆಯಲ್ಲಿದ್ದಾಳೆ. ಆರನೆಯ ಮಹಡಿ. ಹೋದ ದಿನ ಆ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದರು. ನಾವು ಕಿಟಕಿಯ ಪಕ್ಕ ಕೂತು ಮಾತಾಡುತ್ತಿದ್ದರೆ ಹೊರಗೆ ಒಂದು ಹಗ್ಗ ಇಳಿಬಿದ್ದಿತ್ತು, ಬಿಗಿಯಾಗಿ, ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು. ಕೆಳಗೆಲ್ಲೋ ಅದಕ್ಕೆ ಕಟ್ಟಿಕೊಂಡು ಒಬ್ಬ ಮನುಷ್ಯ ಇದ್ದ. ಬ್ರಷ್ಷು ಡಬ್ಬಕ್ಕೆ ತಾಗುವ ಸದ್ದು ಕೇಳುತ್ತಿತ್ತು.

ನನ್ನ ಗೆಳತಿ ಕಿಟಕಿ ಸರಿಸಿ ಎರಡು ಬೆರಳಲ್ಲಿ ಹಗ್ಗ ಮುಟ್ಟಿದಳು.

"ನಮ್ಮದೇ ಕಣೇ."

"ನಮ್ಮದೇ."

"ಹಳೇದಾ, ಹೊಸದಾ?"

"ಹೊಸದು. ಇನ್ನೂ ಹೊಳಪು ಹೋಗಿಲ್ಲ ನೋಡು."

"ದಾರ ಇರುತ್ತಲ್ಲ ತುದೀಲಿ. ಅವನು ನೋಡ್ಕೊಂಡೇ ಇಳಿದಿರ್ತಾನೆ ಬಿಡು."

"ಅದೇ ನನ್ನ ಸಂಕಟ," ಎಂದೆ. "ಅವನು ನೋಡ್ಕೊಂಡೇ ಇಳಿದಿರ್ತಾನೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಬಣ್ಣದವನು ಆ ಮಹಡಿ ಮುಗಿಸಿ ಕೆಳಗೆ ಹೋಗಿ, ಹಗ್ಗ ಸಡಿಲವಾಗುವ ತನಕ ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು. ಆಮೇಲೆ ಮಗಳನ್ನು ಕರೆದು, ಸಭೆಯ ದಿನ ಗಾಡಿ ಬೇಕು ಎಂದಳು. ಮಗಳು ಬೇರೆ ಕೆಲಸವಿದೆ ಎಂದಳು. "ಹಾಗಾದ್ರೆ ನಡ್ಕೊಂಡು ಹೋಗ್ತೀನಿ, ನೋಡಿದವರು ನಿನ್ನನ್ನೇ ಬೈತಾರೆ," ಎಂದಳು. ಗಾಡಿ ಗೊತ್ತಾಯಿತು.

ಸಭೆ ಶೆಡ್ಡಿನಲ್ಲೇ. ರಾಟೆಯ ಮುಂದೆ ಒಂದು ಮೇಜು, ಅದರ ಹಿಂದೆ ಐದು ಕುರ್ಚಿ, ಎದುರಿಗೆ ನಮಗೆ ಬೆಂಚುಗಳು. ಬೇರೆ ವರ್ಷ ನಾಲ್ಕು ಬೆಂಚು ಹಾಕಿದರೆ ಎರಡು ಖಾಲಿ. ಈ ವರ್ಷ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂರಿಸಬೇಕಾಯಿತು. ಊರುಗೋಲು ಹಿಡಿದವರು, ಮೊಮ್ಮಕ್ಕಳ ತೋಳು ಹಿಡಿದವರು, ಬಂದವರು ಬಂದ ಹಾಗೆ ಗೋಡೆಯ ಕೊಂಡಿಗಳನ್ನು ಮುಟ್ಟಿ ನೋಡಿ, "ಇದು ನಂದಿತ್ತು," "ಇಲ್ಲ, ನಿಂದು ಆಚೇದು," ಎಂದು ಅಲ್ಲೇ ಜಗಳ ಶುರುಮಾಡಿದರು. ಕಾರ್ಯದರ್ಶಿ ಹುಡುಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರಿಗೂ ಗುರುತು ಹಾಕುತ್ತಿದ್ದಳು. ಒಬ್ಬರು ಒಳಗೆ ಬಂದ ಹಾಗೆಲ್ಲ ತಮ್ಮನ ಕೈಯಲ್ಲಿದ್ದ ಪ್ರಾಕ್ಸಿಯ ಕಟ್ಟಿನಿಂದ ಒಂದು ಕಾಗದದ ಬೆಲೆ ಹೋಗುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಬಂದವರಿಗೆಲ್ಲ ಎದ್ದು ನಮಸ್ಕಾರ ಮಾಡುತ್ತಲೇ ಇದ್ದ. ಅದು ಅವನ ದೊಡ್ಡ ಗುಣ.

ಅಧ್ಯಕ್ಷರು ದಪ್ಪ ಕನ್ನಡಕದ ಹಿರಿಯರು. ಇಷ್ಟು ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿಕೊಂಡು ಬಂದವರು. ನೋಟಿಸು ಓದಿ, "ಈಗ ಸಂಬಂಧಪಟ್ಟ ಡೈರೆಕ್ಟರು ಮಾತಾಡಬಹುದು," ಎಂದು ಬೇಗ ಕೂತರು.

ತಮ್ಮ ಎದ್ದು ನಿಂತ. ಚೆನ್ನಾಗಿ ಮಾತಾಡಿದ. ಅದನ್ನು ಹೇಳದಿದ್ದರೆ ನನ್ನ ಬಾಯಿಗೆ ಒಳ್ಳೆಯದಲ್ಲ.

"ನಾನು ಯಾರಿಗೂ ಕೆಟ್ಟ ಹಗ್ಗ ಕೊಟ್ಟಿಲ್ಲ," ಎಂದ. "ಬೇರೆ ಕಡೆ ಯಂತ್ರದಲ್ಲಿ ಮಾಡ್ತಾರೆ. ನಾವು ಒಂದು ಹಗ್ಗ ಕಂಬಕ್ಕೆ ಕಟ್ಟಿ ಬಿಚ್ಚೋಷ್ಟರಲ್ಲಿ ಅವರ ಲಾರಿ ಅಂಗಡಿ ಮುಂದೆ ನಿಂತಿರುತ್ತೆ. ಅಂಗಡಿಯವನು ಕಾಯಲ್ಲ. ಇವತ್ತು ನೀವು ಕಂಬಾನ ಉಳಿಸಿಕೊಳ್ಳಿ, ನಾಳೆ ಕಂಬ ಒಂದೇ ಉಳಿಯುತ್ತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು ಅಂತ ನಾನು ದಾರಿ ಹುಡುಕಿದೆ. ಅದು ತಪ್ಪಾ?"

ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ತಲೆಯಾಡಿಸಿದರು. ನಾನೂ ಆಡಿಸುತ್ತಿದ್ದೆನೇನೋ, ಅಷ್ಟು ಚೆನ್ನಾಗಿತ್ತು.

ರಾಟೆಯವನು ಕೂತಲ್ಲಿಂದಲೇ ಕೇಳಿದ: "ತೂಗದೆ ಇರೋ ಹಗ್ಗಕ್ಕೆ ನೀನು ನೇತಾಡ್ತೀಯೇನಪ್ಪಾ?"

"ಈಗಲೇ ಆಡ್ತೀನಿ! ಯಾವುದು ಬೇಕಾದ್ರೂ ತಗೊಂಡು ಬಾ!" ಎಂದು ತಮ್ಮ ಅಂಗಿಯ ತೋಳು ಮಡಿಸಿದ. ಎಲ್ಲರೂ ನಕ್ಕರು. ನಿಜವಾಗಿ ಆಡುವವನೇ. ಧೈರ್ಯಕ್ಕೆ ಅವನಲ್ಲಿ ಬರ ಇಲ್ಲ.

ನಾನು ಸಭೆಯಲ್ಲಿ ಯಾವತ್ತೂ ಎದ್ದವಳಲ್ಲ. ಎದ್ದೆ. ಬೆಂಚು ಹಿಡಿದುಕೊಂಡೇ ಹೇಳಿದೆ:

"ನೀನು ಒಂದು ಹಗ್ಗಕ್ಕೆ ನೇತಾಡಬಹುದು ಕಣೋ. ಉಳಿದದ್ದಕ್ಕೆ ಯಾರು? ಹತ್ತರಲ್ಲಿ ಒಂದು ತೂಗಬೇಕು ಅನ್ನಿಸಿದ್ರೆ ತೂಗು, ನಾನು ಬೇಡ ಅನ್ನಲ್ಲ. ಬೇಗ ಕಳಿಸು, ಅಗ್ಗಕ್ಕೆ ಮಾರು. ದಾರ ಮಾತ್ರ ಹಾಕಬೇಡ. ದಾರ ಅಂದ್ರೆ ನೋಡಿದ್ದೀವಿ ಅಂತ. ನೋಡದೆ ನೋಡಿದ್ದೀವಿ ಅಂದ್ರೆ ಅದಕ್ಕೆ ಏನಂತಾರೆ, ಅಪ್ಪ ನಿನಗೂ ಹೇಳಿಕೊಟ್ಟಿದ್ದ, ನನಗೂ ಹೇಳಿಕೊಟ್ಟಿದ್ದ."

"ದಾರ ಇಲ್ಲದ ಹಗ್ಗ ಯಾರೂ ಕೊಳ್ಳಲ್ಲ ಅಕ್ಕಾ!"

"ಯಾಕೆ ಕೊಳ್ಳಲ್ಲ, ನೀನೇ ಹೇಳು."

ಅವನು ನಗಲು ನೋಡಿದ. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ನಾನು ಕೂತೆ.

ಅಧ್ಯಕ್ಷರು ಕನ್ನಡಕ ಒರೆಸಿಕೊಂಡು, "ಇಳಿಸಬೇಕು ಅನ್ನೋರು ಕೈ ಎತ್ತಿ," ಎಂದರು. ಕೈಗಳು ಎದ್ದವು. ಹುಡುಗಿ ಎಣಿಸಿಕೊಂಡಳು. "ಬೇಡ ಅನ್ನೋರು?"

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಶೆಡ್ಡು ಒಂದು ಬೀದಿಯಷ್ಟು ಉದ್ದ. ಕೆಲಸ ನಡೆಯುವಾಗ ಆ ತುದಿಯ ಕೂಗು ಈ ತುದಿಯ ರಾಟೆಗೆ ಕೇಳುವುದಿಲ್ಲ. ಎಲ್ಲೋ ಒಂದು ಎಳೆ ಬಿಚ್ಚಿಕೊಂಡರೆ ಕಂಡವರು ಕೈ ಎತ್ತುತ್ತಾರೆ, ಅವರನ್ನು ಕಂಡ ಪಕ್ಕದವರು ಎತ್ತುತ್ತಾರೆ, ಕೈಯಿಂದ ಕೈಗೆ ಹೋಗಿ ರಾಟೆ ನಿಲ್ಲುತ್ತದೆ. ಯಾಕೆ ಎಂದು ಆಮೇಲೆ ಕೇಳಬೇಕು, ಮೊದಲು ಕೈ. ಮೂಳೆಯೊಳಗೆ ಇಳಿದ ಅಭ್ಯಾಸ. ಸಭೆಗಳಲ್ಲಿ ಇಷ್ಟು ವರ್ಷ ಎಲ್ಲದಕ್ಕೂ ಎಲ್ಲರೂ ಒಪ್ಪಿಗೆ ಎಂದೇ ಕೈ ಎತ್ತುತ್ತಿದ್ದುದರಿಂದ ಇದರ ತೊಂದರೆ ಯಾರಿಗೂ ಗೊತ್ತಾಗಿರಲಿಲ್ಲ.

ಬೇಡ ಅನ್ನೋರು ಎಂದಾಗ ತಮ್ಮ ತನ್ನ ಕೈ ಎತ್ತಿದ. ಅವನೂ ಷೇರುದಾರನೇ, ತಪ್ಪೇನಿಲ್ಲ. ಎದುರು ಬೆಂಚಿನಲ್ಲಿದ್ದ ರಾಟೆಯವನು ಎತ್ತಿದ ಕೈ ನೋಡಿದ, ಅವನ ಕೈಯೂ ಎದ್ದಿತು. ಅವನ ಪಕ್ಕದವಳದು. ಅವಳ ಹಿಂದಿನವನದು. ಗಾಳಿ ಬಂದ ಹಾಗೆ ಕೊನೆಯ ಪೆಟ್ಟಿಗೆಯ ತನಕ ಕೈಗಳು ಏಳುತ್ತಾ ಹೋದವು. ನನ್ನದೂ ಮೇಲೆ ಇತ್ತು. ಯಾವಾಗ ಹೋಯಿತೋ ನನಗೇ ತಿಳಿಯದು. ಗಂಟಿನಜ್ಜ ಎರಡೂ ಕೈ ಎತ್ತಿ, "ಎಲ್ಲಿ ಹರೀತು?" ಎಂದು ಕೂಗಿದ.

ಹುಡುಗಿ ಪೆನ್ನು ಹಿಡಿದವಳು ಅಧ್ಯಕ್ಷರ ಮುಖ ನೋಡಿದಳು. "ಸಾರ್, ಎಲ್ಲರೂ ಇಳಿಸಿ ಅಂದಿದ್ದಾರೆ. ಎಲ್ಲರೂ ಬೇಡ ಅಂತಲೂ ಅಂದಿದ್ದಾರೆ."

ಎದ್ದ ನಗುವಿಗೆ ತಗಡಿನ ಮಾಡು ಅದುರಿತು. ತಮ್ಮ ನಗುತ್ತಾ ಕಣ್ಣು ಒರೆಸಿಕೊಂಡ, ನಾನೂ ಒರೆಸಿಕೊಂಡೆ. ನಗು ಇಳಿದ ಮೇಲೆ ಅವನು ಹೇಳಿದ: "ಚೀಟಿ ಹಾಕಿ. ಕೈಗೆ ಒಂದು ಅಲ್ಲ, ಷೇರಿಗೆ ಒಂದು. ಅದನ್ನ ಕೇಳೋ ಹಕ್ಕು ನನಗಿದೆ."

"ಇದೆ," ಎಂದಳು ಹುಡುಗಿ.

ಆಗ ಶೆಡ್ಡು ತಣ್ಣಗಾಯಿತು. ಷೇರಿನ ಲೆಕ್ಕಕ್ಕೆ ಬಂದರೆ ಅವನೊಬ್ಬ ನಮ್ಮಂಥ ಎಷ್ಟೋ ಜನರ ತೂಕ. ಗುಂಡಿನವಳು ನನ್ನ ಕಿವಿಯ ಹತ್ತಿರ, "ಏನಾಗುತ್ತಕ್ಕಾ?" ಎಂದಳು. "ಜನ ಬಂದಿದ್ದಾರೆ," ಎಂದೆ. ನನಗೆ ಹೆದರಿಕೆ ಇರಲಿಲ್ಲ. ಹಗ್ಗದಲ್ಲಿ ಯಾವ ಒಂದು ನಾರೂ ಉದ್ದವಿಲ್ಲ, ಒಂದೊಂದೂ ಮೊಳದಷ್ಟು. ಅದರ ಮೇಲೆ ಮನುಷ್ಯರು ಇಳಿಯುವುದಿಲ್ಲವೇ?

ಚೀಟಿಗಳು ಬಂದವು. ಕಣ್ಣು ಕಾಣದವರಿಗೆ ಹುಡುಗಿ ಓದಿ ಹೇಳಿದಳು, ಗುರುತು ಅವರಿಂದಲೇ ಹಾಕಿಸಿದಳು. ಮೇಜಿನ ಮೇಲೆ ಎರಡು ರಾಶಿ ಮಾಡಿ, ಒಂದೊಂದು ಚೀಟಿಗೂ ಷೇರಿನ ಲೆಕ್ಕ ಬರೆದು ಕೂಡಿಸಿದಳು. ತಮ್ಮನ ಕಡೆಯಿಂದ ಒಬ್ಬ, ನಮ್ಮ ಕಡೆಯಿಂದ ಗುಂಡಿನವಳು ಎದುರಿಗೆ ನಿಂತು ನೋಡಿದರು. ಎರಡು ಸಲ ಕೂಡಿಸಿದ ಮೇಲೆ ಲೆಕ್ಕದ ಹಾಳೆಯನ್ನು ಅಧ್ಯಕ್ಷರ ಮುಂದಿಟ್ಟಳು.

ಅವರು ಓದಿದರು. ಇಳಿಸಬೇಕು ಎಂದವರದು ಹೆಚ್ಚು. ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟು ಹೆಚ್ಚು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮ ಎದ್ದು, ಕುರ್ಚಿಯನ್ನು ಸದ್ದಾಗದ ಹಾಗೆ ಮೇಜಿನೊಳಕ್ಕೆ ಸರಿಸಿ, ಬೆಂಚುಗಳ ಕಡೆ ಬಂದ. ಎಲ್ಲೂ ಜಾಗ ಇರಲಿಲ್ಲ. ನನ್ನ ಮುಂದೆ ನಿಂತ.

"ಜರುಗು."

ಜರುಗಿದೆ. ಕೂತ. ಅವನ ಮೊಣಕೈ ನನ್ನ ಮೊಣಕೈಗೆ ತಾಗಿತು. ಬಿಸಿಯಾಗಿತ್ತು.

"ಸಂತೋಷ ಆಯ್ತಾ?"

"ನಿನ್ನನ್ನ ಇಳಿಸಿದ್ದಕ್ಕಾ? ಇಲ್ಲ. ದಾರ ಉಳೀತು ಅನ್ನೋದಕ್ಕೆ ಆಯ್ತು."

"ಇನ್ನೂ ಉಳಿದಿಲ್ಲ. ಉಳಿದ ನಾಲ್ವರು ಏನಂತಾರೋ ನೋಡು."

ಅವರು ಏನನ್ನುತ್ತಾರೆ? ಇವನನ್ನು ಇಳಿಸಿದ ಜನ ಎದುರಿಗೇ ಕೂತಿದ್ದರು. ಖಾಲಿಯಾದ ಜಾಗಕ್ಕೆ ಸಭೆ ಗುಂಡಿನವಳನ್ನು ಆರಿಸಿತು. ಅವಳು, "ನನಗೆ ಕುರ್ಚಿ ಮೇಲೆ ಕೂತು ಅಭ್ಯಾಸ ಇಲ್ಲ," ಎಂದಳು. ರಾಟೆಯವನು, "ಅಭ್ಯಾಸ ಆದೋರನ್ನೇ ಈಗ ಇಳಿಸಿದ್ದು," ಎಂದ. ಐವರೂ ಅಲ್ಲೇ ಮೇಜಿನ ಸುತ್ತ ತಲೆ ಸೇರಿಸಿ, ಎಲ್ಲ ಹಗ್ಗವನ್ನೂ ತೂಗಬೇಕು, ತೂಗದೆ ದಾರ ಹಾಕಿ ಕಳಿಸಿದವನ್ನು ಅಂಗಡಿಗಳಿಂದ ವಾಪಸ್ ತರಿಸಿ ತೂಗಬೇಕು, ಆಗಲೇ ಮಾರಿಹೋಗಿದ್ದರೆ ಕೊಂಡವರನ್ನು ವಿಚಾರಿಸಿ ತರಿಸಬೇಕು ಎಂದು ಬರೆಸಿದರು. ಕನ್ನಡಕದವರು ಮೊದಲು ಸಹಿ ಹಾಕಿದರು.

ಆ ಸಂಜೆ ಮನೆಯಲ್ಲಿ ತಮ್ಮನ ಹೆಂಡತಿ ನನಗೆ ಬಡಿಸಿದಳು. ಉಪ್ಪು ಜಾಸ್ತಿಯಾಗಿತ್ತು. ನೋಟಿಸು ಕಳಿಸದೆ ಉಂಡೆ.

ಅಂಗಡಿಗಳಿಂದ ಹಗ್ಗಗಳು ಬಂದ ದಿನ ನಾನು ಮತ್ತೆ ಮಣೆಯ ಮೇಲೆ ಕೂತೆ. ಮೊದಲ ಗಾಡಿಯಲ್ಲೇ ಬಣ್ಣ ಮೆತ್ತಿದ ಹಗ್ಗವೊಂದಿತ್ತು. ಅದು ನನ್ನ ಗೆಳತಿಯ ಕಿಟಕಿಯದೋ ಬೇರೆಯದೋ ಗೊತ್ತಿಲ್ಲ. ಬಂದದ್ದರ ದಾರವನ್ನೆಲ್ಲ ಕಿತ್ತು, ಕಂಬಕ್ಕೆ ಹಾಕಿ, ತಡೆದದ್ದಕ್ಕೆ ಹೊಸ ದಾರ ಹಾಕುವುದು ಎಂದು ಮಾತಾಗಿತ್ತು. ಬೋರ್ಡಿಗೆ ಹೋದ ಮೇಲೂ ಗುಂಡು ಏರಿಸುವುದು ಗುಂಡಿನವಳೇ.

ತಮ್ಮ ಬಂದ. ಇಸ್ತ್ರಿ ಅಂಗಿ ಇರಲಿಲ್ಲ, ಮನೆಯಲ್ಲಿ ತೊಡುವ ಹಳೆಯದು. ಕೈಕಟ್ಟಿ ಗೋಡೆಗೆ ಒರಗಿ ನಿಂತ. ಒಂದಾದ ಮೇಲೆ ಒಂದು ಹಗ್ಗ ಬಿಗಿಯಿತು, ಮುಲುಗಿತು, ತಡೆಯಿತು. ಊಟದ ಹೊತ್ತು ಕಳೆದರೂ ಅವನು ಜಾಗ ಬಿಡಲಿಲ್ಲ. ಸಂಜೆಗೆ ಅವತ್ತು ಬಂದ ರಾಶಿ ಮುಗಿಯಿತು.

"ನೋಡಿದ್ಯಾ?" ಎಂದ. "ಒಂದೂ ಹರೀಲಿಲ್ಲ. ನಾನು ಹೇಳಿರಲಿಲ್ವಾ?"

"ಹೇಳಿದ್ದೆ."

"ಮತ್ತೆ ಸುಮ್ಮನೆ ನನ್ನನ್ನ ಇಳಿಸಿದ್ರಿ."

"ಹರೀಲಿಲ್ಲ ಅಂತ ಇವತ್ತು ಗೊತ್ತಾಯ್ತು. ನೀನು ಹೇಳ್ದಾಗ ನಿನಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

ಅವನು ಈ ಸಲ ನಗಲಿಲ್ಲ. ಕಂಬವನ್ನೇ ನೋಡುತ್ತಾ ಇದ್ದ. ಗುಂಡಿನವಳು ಕೊನೆಯ ಗುಂಡು ಇಳಿಸಿ, ಹಗ್ಗ ಬಿಚ್ಚಿ, ಸೊಂಟ ಹಿಡಿದುಕೊಂಡಳು.

"ಕಟ್ಟೋಕೆ ಬಿಚ್ಚೋಕೆ ಹೋಗೋ ಹೊತ್ತೇ ಜಾಸ್ತಿ," ಎಂದ, ತನಗೆ ತಾನೇ ಹೇಳಿಕೊಂಡಂತೆ. "ತೂಗೋ ಹೊತ್ತು ಅಷ್ಟಿಲ್ಲ. ಇನ್ನೊಂದು ಕಂಬ ಇದ್ರೆ, ಒಂದರಲ್ಲಿ ತೂಗ್ತಿರುವಾಗ ಇನ್ನೊಂದರಲ್ಲಿ ಕಟ್ಟಬಹುದು. ಅಂಗಡಿಯವನು ಕಾಯೋ ಹೊತ್ತು ಅರ್ಧ ಆಗುತ್ತೆ."

"ಇದನ್ನ ಆವಾಗಲೇ ಯಾಕೆ ಹೇಳಲಿಲ್ಲ?"

"ಹೊಳೀಲಿಲ್ಲ ಕಣೇ. ಇಲ್ಲಿ ಒಂದು ದಿನ ಪೂರ್ತಿ ನಿಂತವನಲ್ಲ ನಾನು."

"ಬೋರ್ಡಿಗೆ ಹೇಳು. ಡೈರೆಕ್ಟರ್ ಇಲ್ಲೇ ಇದ್ದಾಳೆ."

ಗುಂಡಿನವಳು ಸೊಂಟದಿಂದ ಕೈ ತೆಗೆದು, "ಎಲ್ಲಿ ನೆಡ್ತೀರಿ ಹೇಳಿ ಮೊದಲು," ಎಂದಳು.

ಅವನು ಕಂಬದಿಂದ ಹೆಜ್ಜೆ ಹಾಕುತ್ತಾ ಹೋಗಿ, ಗೋಡೆಯ ಮೂಲೆಯಲ್ಲಿ ಹಿಮ್ಮಡಿಯಿಂದ ನೆಲ ಗೀರಿ, "ಇಲ್ಲಿ," ಎಂದ. ಅದು ರಾಟೆಯವನು ಸೈಕಲ್ಲು ನಿಲ್ಲಿಸುವ ಜಾಗ. ಒಳಗಿನಿಂದ ಅವನ ದನಿ ಕೇಳಿಸಿತು: "ಏಯ್, ಅಲ್ಲಿ ಬೇಡ! ನನ್ನ ಸೈಕಲ್ ಎಲ್ಲಿಡಲಿ?"

"ತಲೆ ಮೇಲೆ ಇಟ್ಕೋ," ಎಂದ ನನ್ನ ತಮ್ಮ, ಮತ್ತೆ ಹೆಜ್ಜೆ ಅಳೆಯಲು ಶುರುಮಾಡಿದ.